ಗೋಡೆ ಬೀಳುವುದು ನೆರೆ ಇಳಿದ ಮೇಲೆ



ನೆರೆಯ ಮಾತಾಡಲು ಬೆಂಗಳೂರಿನ ಈ ತುದಿ ತಕ್ಕ ಜಾಗವೇ. ಯಾವ ಹೋಬಳಿಯಲ್ಲಿ ಎಷ್ಟು ಮಳೆಯಾಯಿತೆಂದು ಹಗಲೂ ರಾತ್ರಿ ಲೆಕ್ಕ ಇಡುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇರುವುದು ಇಲ್ಲೇ, ಯಲಹಂಕದಲ್ಲಿ. 1988ರಲ್ಲಿ ಬರದ ಮೇಲೆ ಕಣ್ಣಿಡಲು ಹುಟ್ಟಿದ ಘಟಕ ಅದು. ನೆರೆಯ ಉಸ್ತುವಾರಿ ಆಮೇಲೆ ಹೆಗಲೇರಿತು. 2024ರ ಅಕ್ಟೋಬರ್‌ನಲ್ಲಿ ಇದೇ ಊರಿನ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಗೆ ನೀರು ನುಗ್ಗಿ, ಜನರನ್ನು ದೋಣಿಯಲ್ಲಿ ಹೊರತಂದದ್ದು ನಿಮಗೆ ನೆನಪಿರಬೇಕು.

ಇಲ್ಲಿ ನೀರು ಇಳಿದ ಮೇಲೂ ಕಟ್ಟಡ ನಿಂತೇ ಇತ್ತು. ಮಲಪ್ರಭೆಯ ದಂಡೆಯಲ್ಲಿ ಹಾಗಲ್ಲ. ಅಲ್ಲಿ ಎಷ್ಟೋ ಮನೆಗಳದು ಮಣ್ಣಿನ ಗೋಡೆ, ಮೇಲೆ ಮಣ್ಣಿನದೇ ಮಾಳಿಗೆ. ನೀರು ಕುಡಿದ ಗೋಡೆ ಹೊಳೆ ಇರುವಷ್ಟು ದಿನ ಹೇಗೋ ನಿಂತಿರುತ್ತದೆ. ಹೊಳೆ ಇಳಿದು ಬಿಸಿಲು ಬಿದ್ದು, ಒಂದು ಮಗ್ಗುಲು ಒಣಗತೊಡಗಿದಾಗ ಬಿರುಕು ಬಿಟ್ಟು ಕುಸಿಯುತ್ತದೆ. 2019ರ ಆಗಸ್ಟ್ ನೆರೆಯ ನಂತರ ಸರ್ಕಾರ ಪ್ರತಿ ಸಂತ್ರಸ್ತ ಕುಟುಂಬದ ತುರ್ತಿಗೆ 10 ಸಾವಿರ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದಿತು. ಅಲ್ಪ ಹಾನಿಗೆ 50 ಸಾವಿರ. ಮೊತ್ತ ಸಣ್ಣದೇನಲ್ಲ. ಆದರೆ ಸಮೀಕ್ಷೆಯವರು ಬಂದ ದಿನ ನಿಂತಿದ್ದ ಗೋಡೆ ಮರುವಾರ ಬಿದ್ದರೆ ಆ ಮನೆ ಯಾವ ಪಟ್ಟಿಗೆ ಸೇರಬೇಕು? ನಮ್ಮ ಪರಿಹಾರವೆಲ್ಲ ನೀರಿನ ದಿನಗಳಿಗೆ ಹೊಂದಿಸಿದ್ದು; ಸಂಸಾರ ನೆಲೆ ತಪ್ಪುವುದು ನೀರು ಹೋದ ಮೇಲೆ. ಇಂದು ನಾನು ಹೇಳಬಂದದ್ದು ಇಷ್ಟೇ.

ಆ ವರ್ಷ ನವಿಲುತೀರ್ಥ ಜಲಾಶಯದಿಂದ ಬಿಟ್ಟ ನೀರಿಗೆ ನರಗುಂದ ತಾಲ್ಲೂಕಿನ ಕೊಣ್ಣೂರು ಮುಳುಗಿತು, ಪಟ್ಟದಕಲ್ಲಿನ ಗುಡಿಗಳನ್ನು ಹೊಳೆ ಸುತ್ತುವರಿಯಿತು. ಅತ್ತ ಘಟಪ್ರಭೆ ಗೋಕಾಕದ ಪೇಟೆಗೇ ಬಂತು. ಆ ದಿನಗಳಲ್ಲಿ ಶಾಲೆಯೊಂದರ ಗಂಜಿ ಕೇಂದ್ರದಲ್ಲಿ (ಈಗ ಅದಕ್ಕೆ ಕಾಳಜಿ ಕೇಂದ್ರ ಅನ್ನುತ್ತಾರೆ) ವಯಸ್ಸಾದ ಒಬ್ಬ ತಾಯಿ ತಟ್ಟೆ ಹಿಡಿಯದೆ ಕೂತಿದ್ದರು. ಎಮ್ಮೆ ಹೊರಗೆ ಬೇವಿನ ಮರಕ್ಕೆ ಕಟ್ಟಿತ್ತು. “ಮೊದ್ಲ ಅದಕ್ಕ ಒಂದ್ ಹೊರಿ ಮೇವ್ ಕೊಡ್ರೆಪ್ಪಾ, ಆಮ್ಯಾಲ ನಾ ಉಣ್ತೀನಿ” ಎಂದರು. ಬಣವೆ ತೇಲಿ ಹೋಗಿತ್ತು. ಜೋಳ ತುಂಬಿದ್ದ ಹಗೇವಿಗೆ ನೀರು ಹೊಕ್ಕು ಹುಳಿವಾಸನೆ ಎದ್ದಿತ್ತು. ಅದೇ ಶಾಲೆಯ ವರಾಂಡದಲ್ಲಿ ಬೆಂಗಳೂರಿನಿಂದ ಬಂದ ಹಳೆ ಬಟ್ಟೆಯ ರಾಶಿ: ಜೀನ್ಸು, ಟೀ ಶರ್ಟು, ಮದುವೆ ಮನೆಯ ಕೋಟು. ಇಳಕಲ್ ಸೀರೆ ಉಡುವ ಆಕೆ ಅದನ್ನು ತಗೊಂಡು ಏನು ಮಾಡಬೇಕು? ಕೊಡುವುದನ್ನು ಬಲ್ಲವರು ಉತ್ತರ ಕರ್ನಾಟಕದವರೇ. 2018ರಲ್ಲಿ ಕೊಡಗಿನ ಗುಡ್ಡ ಕುಸಿದಾಗ ಅವರು ಕಳಿಸಿದ್ದು ಜೋಳದ ಖಡಕ್ ರೊಟ್ಟಿ. ಒಲೆ ಬೇಡ, ಬೇಗ ಕೆಡುವುದಿಲ್ಲ; ಶೇಂಗಾ ಹಿಂಡಿಯಿದ್ದರೆ ಊಟವೇ ಆಯಿತು.

ಮನೆ ಕಟ್ಟಿಕೊಡುವುದು ಇನ್ನೂ ಜಟಿಲ. 2009ರ ಮಹಾನೆರೆಯ ಬಳಿಕ ಊರಿಗೆ ಊರನ್ನೇ ಎತ್ತರಕ್ಕೆ ಸಾಗಿಸಲು ‘ಆಸರೆ’ ಯೋಜನೆ ಬಂತು. ಕಂಪನಿಗಳು, ಸಂಘಸಂಸ್ಥೆಗಳು ಹಣ ಹಾಕಿ ಸಾಲುಮನೆ ಎಬ್ಬಿಸಿದವು. ಹಲವು ಕಡೆ ಜನ ಹೋಗಲೇ ಇಲ್ಲ. 2019ರಲ್ಲಿ ಅದೇ ಹಳೆಯ ಊರು ಮತ್ತೆ ಮುಳುಗಿತು. ‘ಕೊಟ್ಟರೂ ಹೋಗದ ಜನ’ ಎಂದು ನಗರದಲ್ಲಿ ಕೂತು ಬೈಯುವುದು ಸುಲಭ. ಎರಡು ಕೋಣೆಯ ಮನೆಯಲ್ಲಿ ಎತ್ತು ಎಲ್ಲಿ ಕಟ್ಟಬೇಕು, ಕಣಕಿ ಎಲ್ಲಿ ಒಟ್ಟಬೇಕು? ಮೂವರು ಅಣ್ಣತಮ್ಮಂದಿರ ಕೂಡು ಸಂಸಾರಕ್ಕೆ ಒಂದೇ ಮನೆ. ಹೊಲ ಹೊಳೆಯ ಮಗ್ಗುಲಲ್ಲಿ, ಮನೆ ದೂರದ ದಿನ್ನೆಯಲ್ಲಿ. ಹಕ್ಕುಪತ್ರ ಕೈಗೆ ಬಾರದ ಮನೆಯನ್ನು ನಂಬಿ ಹಳೆಯ ಜಾಗ ಬಿಡುವವರು ಯಾರು? ನಕ್ಷೆ ಬರೆಯುವ ಮೊದಲು ಒಬ್ಬ ಒಕ್ಕಲಿನವನನ್ನು ಕೂರಿಸಿಕೊಂಡು ಕೇಳಿದ್ದರೆ ಅರ್ಧ ತಪ್ಪು ಅಲ್ಲೇ ನಿಲ್ಲುತ್ತಿತ್ತೆಂದು ನನ್ನ ನಂಬಿಕೆ.

ಹಾಗೆ ನೆಲೆ ತಪ್ಪಿದವರಲ್ಲಿ ಕೆಲವರು ರೈಲು ಹತ್ತಿ ಯಶವಂತಪುರದಲ್ಲಿ ಇಳಿಯುತ್ತಾರೆ. ಹೆಬ್ಬಾಳದಿಂದ ಯಲಹಂಕದವರೆಗೆ ಏಳುತ್ತಿರುವ ಅಪಾರ್ಟ್‌ಮೆಂಟುಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ವಿಚಾರಿಸಿ ನೋಡಿ: ಬಾದಾಮಿ, ರೋಣ, ಸುರಪುರದ ಕಡೆಯವರು ಸಿಕ್ಕಾರು. ಊರಲ್ಲಿ ಸಮೀಕ್ಷೆ ನಡೆಯುವಾಗ ಇವರ ಮನೆಗೆ ಬೀಗ. ಫೋಟೊಕ್ಕೆ ನಿಲ್ಲಲು, ಸಹಿ ಹಾಕಲು ಯಾರೂ ಇಲ್ಲದಿದ್ದರೆ ಪಟ್ಟಿಯಿಂದ ಹೆಸರು ಬಿಟ್ಟುಹೋಗಬಹುದು. ಊರಿಗೆ ಹೋದರೆ ಇಲ್ಲಿಯ ಕೂಲಿ ಹೋಗುತ್ತದೆ.

ಆದ್ದರಿಂದ ಮುಂದಿನ ಸಲ ಲಾರಿ ತುಂಬಿಸುವ ಮುಂಚೆ ಇಲ್ಲಿನ ಸಂಘಗಳವರು ಆ ಶೆಡ್ಡುಗಳಿಗೆ ಹೋಗಿ, ಯಾರ ಊರಿಗೆ ಹೊಳೆ ಬಂದಿದೆ ಎಂದು ಕೇಳಿ ಬರೆದುಕೊಳ್ಳಲಿ. ನಿಮ್ಮಲ್ಲಿ ಗುತ್ತಿಗೆದಾರರಿದ್ದರೆ, ಮನೆ ಕಟ್ಟಿಸುತ್ತಿರುವವರಿದ್ದರೆ, ಅಂಥವರಿಗೆ ಬಸ್ ಚಾರ್ಜು ಕೊಟ್ಟು, ಕೂಲಿ ಮುರಿಯದೆ ಒಂದು ವಾರ ರಜೆ ಕೊಡಿ. ಸಮೀಕ್ಷೆಯ ದಿನ ಅವರು ತಮ್ಮ ಮನೆಯ ಮುಂದೆ ನಿಂತಿರಬೇಕು.