ಹೊಲದ ಸಣ್ಣ ಹಕ್ಕಿಯ ಗುರುತು
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗ್ಗೆ ತಿರುಗಾಡುವವರಿಗೂ, ಗದ್ದೆಯ ಬದುವಿನ ಮೇಲೆ ನಡೆಯುವ ನಿಮಗೂ ಒಂದು ಅನುಭವ ಸಮಾನವಾದುದು. ಹಿಂದೆ ಕಂಡಿರದ ಸಣ್ಣ ಹಕ್ಕಿಯೊಂದು ಎದುರಿಗೆ ಬಂದು ಕೂರುತ್ತದೆ, ಹೆಸರು ತಿಳಿಯದು. ಪಟ್ಟಣದವರಿಗೆ ಇದು ಕುತೂಹಲದ ಮಾತು. ನಿಮಗೆ ಬೆಳೆಯ ಮಾತು. ಅದು ಬಂದದ್ದು ತೆನೆಗೋ, ತೆನೆ ಕೆಡಿಸುವ ಹುಳುವಿಗೋ ಎಂದು ತಿಳಿಯದೆ ಕವಣೆ ಬೀಸಿದರೆ ನಷ್ಟ ನಿಮ್ಮದೇ.

ಮೊದಲು ಕೊಕ್ಕು ನೋಡಿರಿ. ಗುಬ್ಬಿ, ಗೀಜಗಗಳ ಕೊಕ್ಕು ಗಿಡ್ಡ, ದಪ್ಪ. ಕಾಳು ಒಡೆಯಲು ತಕ್ಕದ್ದು. ಹುಳು ಹೆಕ್ಕುವ ಸಣ್ಣ ಹಕ್ಕಿಗಳ ಕೊಕ್ಕು ಸಾಮಾನ್ಯವಾಗಿ ತೆಳು, ಚೂಪು. ಎರಡನೆಯದು ಗಾತ್ರ: ಗುಬ್ಬಿಯಷ್ಟೋ, ಗೊರವಂಕದಷ್ಟೋ? ಮೂರನೆಯದು ಬಾಲ: ಉದ್ದವೋ, ಮೋಟೋ, ಅದನ್ನು ಹೇಗೆ ಆಡಿಸುತ್ತದೆ? ನಾಲ್ಕನೆಯದು ನಡಿಗೆ: ಕುಪ್ಪಳಿಸುತ್ತದೋ, ಹೆಜ್ಜೆಯಿಟ್ಟು ಓಡುತ್ತದೋ? ಬಣ್ಣವನ್ನು ಕಡೆಗೆ ನೋಡಿರಿ. ಬಿಸಿಲು ನೆರಳಿನಲ್ಲಿ ಬಣ್ಣ ಮೋಸ ಮಾಡುತ್ತದೆ. ಗಂಡು, ಹೆಣ್ಣು, ಮರಿಗಳಲ್ಲಿಯೂ ಬಣ್ಣ ಬೇರೆಯಾಗುವುದುಂಟು.

ಒಂದು ಉದಾಹರಣೆ ಹೇಳುತ್ತೇನೆ. ಮಳೆಗಾಲ ಹಿಂದೆ ಸರಿಯುವಾಗ, ಮೇಯುವ ದನಗಳ ಕಾಲ ಬಳಿಯಲ್ಲೇ ಒಂದು ತೆಳ್ಳನೆಯ ಹಕ್ಕಿ ಓಡಾಡುತ್ತದೆ. ಮೈ ಗುಬ್ಬಿಯಷ್ಟು, ಬಾಲ ಉದ್ದ, ಹೊಟ್ಟೆ ಹಳದಿ. ನಿಂತಾಗಲೆಲ್ಲ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತದೆ. ಕೊಕ್ಕು ತೆಳು, ನಡಿಗೆ ಹೆಜ್ಜೆಯ ಓಟ. ಇದೇ ಹಳದಿ ಕುಂಡೆಕುಸ್ಕ. ಇದು ನಮ್ಮೂರಿನದಲ್ಲ, ದೂರದ ಉತ್ತರ ದೇಶಗಳ ಚಳಿ ತಪ್ಪಿಸಿಕೊಂಡು ಬಂದು, ಬೇಸಗೆಯಲ್ಲಿ ಹಿಂದಿರುಗುವ ಅತಿಥಿ. ದನದ ಗೊರಸಿಗೆ ಎದ್ದ ಹುಳುಹುಪ್ಪಟೆಗಳೇ ಅದರ ಊಟ. ನಿಮ್ಮ ತೆನೆಯ ಗೊಡವೆ ಅದಕ್ಕಿಲ್ಲ. ಇದೇ ಜಾತಿಯ ಕಪ್ಪು ಬಿಳುಪಿನ ದೊಡ್ಡ ಹಕ್ಕಿಯೊಂದು ವರ್ಷವಿಡೀ ನಮ್ಮ ಹೊಳೆ ಕೆರೆಗಳ ದಡದಲ್ಲಿ ಕಾಣುತ್ತದೆ.

ಗುರುತಿಲ್ಲದ ಹಕ್ಕಿಯನ್ನು ಬಲ್ಲವರಲ್ಲಿ ಕೇಳುವುದಕ್ಕೆ ನಾಚಬೇಕಾಗಿಲ್ಲ. ಮುಂಬಯಿಯ ಒಬ್ಬ ಬಾಲಕ ತಾನು ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡು, ಇದಾವುದೆಂದು ತಿಳಿಯದೆ, ಅಲ್ಲಿನ ನಿಸರ್ಗ ಚರಿತ್ರೆಯ ಸಂಘಕ್ಕೆ ಒಯ್ದನು. ಕಾರ್ಯದರ್ಶಿ ಮಿಲಾರ್ಡ್ ಅವರು ಅದು ಹಳದಿ ಕತ್ತಿನ ಗುಬ್ಬಿಯೆಂದು ತಿಳಿಸಿ, ಸಂಘದ ಹಕ್ಕಿಗಳ ಸಂಗ್ರಹವನ್ನೂ ತೋರಿಸಿದರು. ಆ ಬಾಲಕನೇ ಮುಂದೆ 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ ಸಲೀಂ ಅಲಿ.

ಹಾಗಾದರೆ ದಪ್ಪ ಕೊಕ್ಕಿನವೆಲ್ಲ ಶತ್ರುಗಳೇ? ಅದೂ ಅಲ್ಲ. ಗುಬ್ಬಿ, ಗೀಜಗಗಳು ಮರಿಗಳಿಗೆ ಹುಳುಗಳನ್ನೇ ತಂದು ಉಣಿಸುತ್ತವೆ. ಚೀನಾ ದೇಶದಲ್ಲಿ 1958ರಲ್ಲಿ ಗುಬ್ಬಿ ಕಾಳು ತಿನ್ನುತ್ತದೆಂದು ಊರೂರೇ ಎದ್ದು ಕೊಂದರು. ಪೈರಿಗೆ ಹುಳುವಿನ ಕಾಟ ಹೆಚ್ಚಿತು. 1960ರಲ್ಲಿ ಕೊಲ್ಲಬೇಕಾದವುಗಳ ಪಟ್ಟಿಯಿಂದ ಗುಬ್ಬಿಯನ್ನು ತೆಗೆದು ತಿಗಣೆಯನ್ನು ಸೇರಿಸಿದರು. ಆದುದರಿಂದ ತೆನೆ ಹಾಲುಗಟ್ಟಿದಾಗ ತಮಟೆ ಬಡಿದು ಹಕ್ಕಿ ಓಡಿಸಿರಿ. ಕೊಲ್ಲಬೇಡಿರಿ, ಗೂಡು ಕೀಳಬೇಡಿರಿ.

ಹೊಸ ಹಕ್ಕಿ ಕಂಡ ದಿನ, ಸ್ಥಳ, ಕೊಕ್ಕು, ಬಾಲ, ನಡಿಗೆಗಳನ್ನು ಮಕ್ಕಳ ಕೈಯಲ್ಲಿ ಒಂದು ಪುಸ್ತಕದಲ್ಲಿ ಬರೆಯಿಸಿರಿ. ನಿಮ್ಮೂರಿನ ಹಿರಿಯರು ಅದನ್ನು ಕರೆಯುವ ಹೆಸರನ್ನೂ ಬರೆಯಿಸಿರಿ. ನಾಲ್ಕು ವರ್ಷ ಕಳೆದರೆ, ಯಾವ ಹಕ್ಕಿ ಯಾವ ತಿಂಗಳಲ್ಲಿ ನಿಮ್ಮ ಹೊಲಕ್ಕೆ ಬಂದು ಏನು ಮಾಡುತ್ತದೆಂಬುದು ಆ ಪುಸ್ತಕದಲ್ಲಿಯೇ ಇರುತ್ತದೆ.