ಶಾಲೆ ತೆರೆಯುವ ಮುಂಚಿನ ಹದಿನೈದು ದಿನ

(ಹುಮನಾಬಾದಿನಲ್ಲಿ ನಡೆದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಆಡಿದ ಮಾತುಗಳ ಬರಹರೂಪ)

 

ನನಗೆ ಕೊಟ್ಟ ವಿಷಯ ‘ವಿದ್ಯಾರ್ಥಿಗಳಲ್ಲಿ ಶಿಸ್ತು’. ಕರಪತ್ರದಲ್ಲಿಯೂ ಹಾಗೆಯೇ ಅಚ್ಚಾಗಿದೆ. ಸಂಘಟಕರ ಕ್ಷಮೆ ಕೇಳಿ ಅದನ್ನು ಸ್ವಲ್ಪ ಬದಲಿಸಿಕೊಳ್ಳುತ್ತೇನೆ. ಶಿಸ್ತಿನ ಮೇಲೆ ಮಾತಾಡಿದರೆ ನಾವು ಹಿರಿಯರೆಲ್ಲ ತಲೆದೂಗುತ್ತೇವೆ, ಒಮ್ಮೆ ಹಿಂದೆ ತಿರುಗಿ ಮಕ್ಕಳನ್ನು ನೋಡುತ್ತೇವೆ, ಪ್ರಸಾದ ಮುಗಿಸಿ ಮನೆಗೆ ಹೋಗುತ್ತೇವೆ. ಆದರೆ ಈ ತಿಂಗಳ ಕೊನೆಗೆ ಶಾಲೆಗಳು ತೆರೆಯುತ್ತವೆ. ಎಂಟು, ಒಂಬತ್ತು, ಹತ್ತನೆಯ ತರಗತಿಯ ಮಕ್ಕಳು ಮತ್ತೆ ಬೆಂಚಿನ ಮೇಲೆ ಕೂಡಬೇಕು. ಕೈಯಲ್ಲಿರುವುದು ಹದಿನೈದು ದಿನ. ಆ ಹದಿನೈದು ದಿನದಲ್ಲಿ ಮನೆಯವರು ಏನು ಮಾಡಬೇಕು, ಮಠದವರು ಏನು ಮಾಡಬೇಕು ಎಂಬುದಷ್ಟೇ ಇವತ್ತಿನ ನನ್ನ ಮಾತು.

ನಾನು ಮೊದಲು ಬಸವಕಲ್ಯಾಣದಲ್ಲಿ, ಆಮೇಲೆ ಇಲ್ಲಿ ಹುಮನಾಬಾದಿನಲ್ಲಿ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳಿದವನು. ಎರಡೂ ಕಡೆ ಬೇಸಿಗೆ ರಜೆಯ ನಂತರದ ಮೊದಲ ವಾರ ಒಂದೇ ತರಹ ಇರುತ್ತಿತ್ತು. ಗೇಟಿಗೆ ಮಾವಿನ ತೋರಣ, ಪ್ರಾರಂಭೋತ್ಸವ, ಸಿಹಿ. ಎರಡನೆಯ ಪಿರಿಯಡ್‌ಗೆ ಅರ್ಧ ತರಗತಿ ತೂಕಡಿಸುತ್ತಿತ್ತು. ಮಧ್ಯಾಹ್ನದ ಊಟ ಆದ ಮೇಲಂತೂ ಕೇಳಲೇಬೇಡಿ. ನಾವು ಮೇಷ್ಟ್ರು ಅದಕ್ಕೆ ಸೋಮಾರಿತನ ಎಂದು ಹೆಸರಿಟ್ಟಿದ್ದೆವು.

ಅದು ಸೋಮಾರಿತನ ಅಲ್ಲ, ನಿದ್ದೆಯ ಸಾಲ ಎಂದು ತಿಳಿಯುವುದಕ್ಕೆ ನನಗೆ ಬಹಳ ವರ್ಷ ಬೇಕಾಯಿತು. ತಿಳಿದದ್ದೂ ನನ್ನ ತಪ್ಪಿನಿಂದಲೇ. ಒಂದು ವರ್ಷ ಹತ್ತನೆಯ ತರಗತಿಯ ಫಲಿತಾಂಶ ಏರಿಸಲೇಬೇಕೆಂದು ಹಟ ಹಿಡಿದು, ಬೆಳಗಿನ ಜಾವ ಐದಕ್ಕೆ ಮಕ್ಕಳ ಮನೆಗೆ ಫೋನು ಮಾಡಿ ಎಬ್ಬಿಸುವ ಕೆಲಸ ಶುರು ಮಾಡಿದೆ. ‘ಎದ್ದೀನ್ರಿ ಸರ್’ ಎನ್ನುತ್ತಿದ್ದರು. ನನಗೂ ಹೆಮ್ಮೆ, ಪಾಲಕರಿಗೂ ಹೆಮ್ಮೆ. ಎರಡು ವಾರದಲ್ಲಿ ಚೆನ್ನಾಗಿ ಓದುತ್ತಿದ್ದ ಹುಡುಗಿಯೊಬ್ಬಳು ಬೋರ್ಡಿನ ಮುಂದೆ ಲೆಕ್ಕ ಮಾಡುತ್ತ ಮಾಡುತ್ತ ಕುಸಿದು ಕುಳಿತಳು. ಕೇಳಿದರೆ, ಮನೆಕೆಲಸ ಮುಗಿಸಿ, ಓದಿ ಮಲಗುವುದು ರಾತ್ರಿ ಹನ್ನೆರಡಕ್ಕೆ, ಏಳುವುದು ನನ್ನ ಫೋನಿಗೆ. ಐದು ತಾಸು ನಿದ್ದೆ. ಎಬ್ಬಿಸುವ ಮೇಷ್ಟ್ರು ಇದ್ದೆ, ಮಲಗು ಎಂದು ಹೇಳುವವರು ಯಾರೂ ಇರಲಿಲ್ಲ. ಮರುದಿನದಿಂದ ಫೋನು ನಿಲ್ಲಿಸಿದೆ.

ಹದಿಮೂರರಿಂದ ಹದಿನೆಂಟು ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ತಾಸು ನಿದ್ದೆ ಬೇಕು ಎಂದು ಅಮೆರಿಕದ ನಿದ್ರಾತಜ್ಞರ ಸಂಘ 2016ರಲ್ಲಿ ಹೇಳಿತು. ನಮ್ಮಲ್ಲಿ ಎಷ್ಟು ಮನೆಯಲ್ಲಿ ಅದು ಸಿಗುತ್ತದೆ, ನೀವೇ ಎಣಿಸಿಕೊಳ್ಳಿ. ಇನ್ನೊಂದು ಮಾತನ್ನೂ ವಿಜ್ಞಾನ ಹೇಳುತ್ತದೆ. ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗುತ್ತದೆ. ನಿದ್ದೆಗೆ ಕರೆಯುವ ಮೆಲಟೋನಿನ್ ಎಂಬ ಹಾರ್ಮೋನು ಚಿಕ್ಕ ಮಕ್ಕಳಲ್ಲಿ ಸಂಜೆ ಬೇಗ ಏರಿದರೆ ಇವರಲ್ಲಿ ತಡವಾಗಿ ಏರುತ್ತದೆ. ಆದ್ದರಿಂದ ‘ಒಂಬತ್ತಕ್ಕೇ ಮಲಗು’ ಎಂದರೆ ಆ ಮಗು ಕಣ್ಣು ಮುಚ್ಚಿ ಬಿದ್ದುಕೊಂಡಿರುತ್ತದೆ, ನಿದ್ದೆ ಮಾಡುವುದಿಲ್ಲ. ಅದು ಹಟವಲ್ಲ.

ಇದರ ಮೇಲೆ ನಮ್ಮ ಬೇಸಿಗೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರಕಾರಿ ಕಚೇರಿಗಳೇ ಬಿಸಿಲಿಗೆ ಹೆದರಿ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಮಕ್ಕಳು ಮಾಳಿಗೆಯ ಮೇಲೆ ಮಲಗುತ್ತಾರೆ. ಏಳೂವರೆಗೆ ಶುರುವಾದ ಐಪಿಎಲ್ ಮ್ಯಾಚು ಮುಗಿಯುವುದು ಹನ್ನೊಂದು ದಾಟಿದ ಮೇಲೆ. ಆಮೇಲೆ ಮೊಬೈಲು. ಒಂದು ಗಂಟೆಗೆ ನಿದ್ದೆ. ಆರಕ್ಕೆ ಬಿಸಿಲು ಮುಖಕ್ಕೆ ಬಿದ್ದಾಗ ಹಾಸಿಗೆ ಸುತ್ತಿಕೊಂಡು ಕೆಳಗೆ ಬಂದು ಕತ್ತಲೆ ಕೋಣೆಯಲ್ಲಿ ಮತ್ತೆ ಒಂಬತ್ತರವರೆಗೆ. ಮಧ್ಯಾಹ್ನ ಊರೇ ಮಲಗುವಾಗ ಇವರೂ ಎರಡು ತಾಸು. ಇದು ತಪ್ಪು ಎನ್ನಲಾರೆ, 42 ಡಿಗ್ರಿಯಲ್ಲಿ ಇನ್ನೇನು ಮಾಡಬೇಕು? ಆದರೆ ಮೇ ಕೊನೆಗೆ ಒಂದು ದಿನ ದಿಢೀರನೆ ‘ನಾಳೆ ಆರಕ್ಕೆ ಏಳು’ ಎಂದರೆ ಆಗುವುದಿಲ್ಲ.

ಲೆಕ್ಕ ನೋಡಿ. ಮಲಗುವ ಹೊತ್ತು ರಾತ್ರಿ ಒಂದರಿಂದ ಹತ್ತಕ್ಕೆ ಬರಬೇಕು. ಮೂರು ತಾಸು. ದಿನಕ್ಕೆ ಕಾಲು ತಾಸು ಹಿಂದೆ ಸರಿಸಿದರೆ ಹನ್ನೆರಡು ದಿನ. ಅದಕ್ಕೇ ಹದಿನೈದು ದಿನ ಎಂದದ್ದು. ಮೂರು ದಿನ ತಪ್ಪಿದರೂ ನಡೆಯುತ್ತದೆ, ಮದುವೆ ಮುಂಜಿ ಇದ್ದೇ ಇರುತ್ತವೆ. ಮೊದಲು ಹಿಡಿಯಬೇಕಾದದ್ದು ಏಳುವ ಹೊತ್ತನ್ನು, ಮಲಗುವ ಹೊತ್ತನ್ನಲ್ಲ. ಮಾಳಿಗೆಯಿಂದ ಇಳಿದ ಮಗುವನ್ನು ಕತ್ತಲೆ ಕೋಣೆಗೆ ಬಿಡದೆ ಅಂಗಳಕ್ಕೆ ಕಳಿಸಿ. ನೀರು ತರಲಿ, ಕಸ ಹೊಡೆಯಲಿ, ಸುಮ್ಮನೆ ಕಟ್ಟೆಯ ಮೇಲೆ ಕೂಡಲಿ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ರಾತ್ರಿ ನಿದ್ದೆ ತಾನೇ ಮುಂಚೆ ಬರುತ್ತದೆ. ಮಧ್ಯಾಹ್ನದ ನಿದ್ದೆ ಕೊನೆಯ ವಾರದಲ್ಲಿ ಅರ್ಧ ತಾಸಿಗೆ ಇಳಿಯಲಿ.

ನಮ್ಮ ಮನೆಗಳಲ್ಲಿ ಇದಕ್ಕೆ ಒಂದು ಅನುಕೂಲ ಇದೆ. ಇಷ್ಟಲಿಂಗ ಪೂಜೆ. ದಿನವೂ ಒಂದೇ ಹೊತ್ತಿಗೆ, ಮೈ ತೊಳೆದು, ಹತ್ತು ನಿಮಿಷ ಒಂದೆಡೆ ಕಣ್ಣಿಟ್ಟು ಕೂಡುವ ರೂಢಿ. ಅದು ಮಗುವಿಗೆ ಬೆಳಗಿನ ಗೂಟವಾಗುತ್ತದೆ. ಆದರೆ ಕೈಮುಗಿದು ಹೇಳುತ್ತೇನೆ, ಲಿಂಗಪೂಜೆಯನ್ನು ಶಿಕ್ಷೆ ಮಾಡಬೇಡಿ. ‘ಪೂಜೆ ಮಾಡಲಿಲ್ಲ, ನಾಷ್ಟಾ ಇಲ್ಲ’ ಎನ್ನುವ ತಂದೆಯರನ್ನು ಬಲ್ಲೆ. ನೀವು ಪಕ್ಕದಲ್ಲಿ ಕೂತರೆ ಮಗು ಕೂಡುತ್ತದೆ. ನೀವು ಏಳಕ್ಕೆ ಎದ್ದು ಮಗುವನ್ನು ಐದಕ್ಕೆ ಎಬ್ಬಿಸಿದರೆ ಅದು ನಿಮ್ಮನ್ನು ನೋಡಿ ಕಲಿಯುವುದು ಬೇರೆಯದನ್ನೇ. ಬಸವಕಲ್ಯಾಣದಲ್ಲಿ ನನ್ನ ತರಗತಿಯ ಕೆಲವು ಮುಸ್ಲಿಂ ಹುಡುಗರು ತಂದೆಯ ಜೊತೆ ಬೆಳಗಿನ ನಮಾಜಿಗೆ ಹೋಗಿ ಬರುತ್ತಿದ್ದರು. ಮೊದಲ ವಾರ ತೂಕಡಿಸದವರು ಅವರೇ. ತಂದೆ ಜೊತೆಗಿದ್ದನಲ್ಲ, ಅದು.

ನಾಷ್ಟಾ ಎಂದೆ. 2002ರಲ್ಲಿ ಬಿಸಿಯೂಟ ಶುರುವಾದಾಗ ಅದು ಮೊದಲು ಬಂದದ್ದು ನಮ್ಮ ಬೀದರ್ ಸೇರಿದ ಏಳು ಜಿಲ್ಲೆಗಳಿಗೆ. ಹೆಸರು ಅಕ್ಷರ ದಾಸೋಹ. ಶರಣರ ಮಾತನ್ನು ಸರಕಾರವೇ ಎತ್ತಿಕೊಂಡಿತು. ಆದರೆ ಅದು ಮಧ್ಯಾಹ್ನದ ಊಟ. ಹಳ್ಳಿಖೇಡದಿಂದ, ದುಬಲಗುಂಡಿಯಿಂದ ಬೆಳಗಿನ ಬಸ್ಸು ಹಿಡಿದು ಹುಮನಾಬಾದಿಗೆ ಬರುವ ಮಗು ಬರೀ ಚಹಾ ಕುಡಿದು ಬಂದಿರುತ್ತದೆ.  2021ರ ಡಿಸೆಂಬರಿನಲ್ಲಿ ಶಾಲೆಯಲ್ಲಿ ಮೊಟ್ಟೆ ಕೊಡಬೇಕೋ ಬೇಡವೋ ಎಂದು ನಮ್ಮ ಸಮಾಜದಲ್ಲಿ ಎಷ್ಟು ಸಭೆಗಳಾದವು, ಎಷ್ಟು ಮನವಿ ಪತ್ರಗಳು ಹೋದವು! ನಾನು ಮೊಟ್ಟೆ ತಿನ್ನುವವನಲ್ಲ. ಆದರೂ ಕೇಳುತ್ತೇನೆ, ಖಾಲಿ ಹೊಟ್ಟೆಯಲ್ಲಿ ಪ್ರಾರ್ಥನೆಗೆ ನಿಂತು ತಲೆಸುತ್ತಿ ಬೀಳುವ ಮಕ್ಕಳಿಗಾಗಿ ನಾವು ಒಂದಾದರೂ ಸಭೆ ಮಾಡಿದ್ದೇವೆಯೆ? ರಾತ್ರಿಯ ರೊಟ್ಟಿ, ಶೇಂಗಾ ಹಿಂಡಿ, ಒಂದು ಲೋಟ ಮಜ್ಜಿಗೆ ಸಾಕು. ತಾಯಿ ಬೆಳಿಗ್ಗೆಯೇ ಕೂಲಿಗೆ ಹೋಗುವ ಮನೆಯಲ್ಲಿ ಹಿಂದಿನ ರಾತ್ರಿಯೇ ಕಟ್ಟಿಡುವ ರೂಢಿ ಈ ಹದಿನೈದು ದಿನದಲ್ಲೇ ಆಗಲಿ. ರೊಟ್ಟಿ ಕಟ್ಟುವುದು ಅಪ್ಪನಿಗೂ ಬರುತ್ತದೆ.

ಇನ್ನು ಶಾಲೆಯ ಮಾತು. ಇಲ್ಲಿ ಶಿಕ್ಷಕರೂ ಬಂದಿದ್ದೀರಿ. ಜೂನಿನಲ್ಲಿ ಸೇತುಬಂಧ ಮಾಡುತ್ತೇವೆ. ಹಿಂದಿನ ತರಗತಿಯ ಯಾವ ಪಾಠ ಉಳಿದಿದೆ, ಯಾವುದು ಮರೆತಿದೆ ಎಂದು ಪರೀಕ್ಷಿಸಿ, ಸೇತುವೆ ಕಟ್ಟಿ, ಆಮೇಲೆ ಹೊಸ ಪಾಠ. ಒಳ್ಳೆಯದು. ಪಾಠಕ್ಕೆ ಕಟ್ಟುವ ಈ ಸೇತುವೆಯನ್ನು ದೇಹಕ್ಕೂ ಕಟ್ಟಬೇಕಲ್ಲ. ಮೊದಲ ವಾರ ತಡವಾಗಿ ಬಂದವರನ್ನು ಗೇಟಿನಿಂದ ಹಿಂದೆ ಕಳಿಸುವ ರೂಢಿಯನ್ನು ದಯವಿಟ್ಟು ಬಿಡಿ.

ಯಾಕೆ ಹೇಳುತ್ತೇನೆಂದರೆ, ಕೊರೊನಾ ಕಾಲ ನೆನಪಿದೆಯಲ್ಲ. 2020ರ ಮಾರ್ಚಿನಲ್ಲಿ ಮುಚ್ಚಿದ ಶಾಲೆ ನಡುವೆ ಒಮ್ಮೆ ತೆರೆದು, ಮತ್ತೆ ಮುಚ್ಚಿ, ಒಂಬತ್ತು ಮತ್ತು ಹತ್ತನೆಯ ತರಗತಿಗಳು 2021ರ ಆಗಸ್ಟ್ 23ರಿಂದ ಮತ್ತೆ ನಡೆದವು. ಅಷ್ಟರಲ್ಲಿ ಬಸವಕಲ್ಯಾಣದ ಎಷ್ಟೋ ಹುಡುಗರು ಆಟೋನಗರಕ್ಕೆ ಕೆಲಸಕ್ಕೆ ಹೋಗಿದ್ದರು. ಲಾರಿಗೆ ಬಾಡಿ ಕಟ್ಟುವ ಶೆಡ್ಡುಗಳು, ನಿಮಗೆ ಗೊತ್ತು. ಅಂಥ ಒಬ್ಬ ಹುಡುಗ ಹತ್ತನೆಯ ತರಗತಿಗೆ ಮರಳಿ ಬಂದ. ಶೆಡ್ಡಿನಲ್ಲಿ ರಾತ್ರಿ ಹೊತ್ತು ವೆಲ್ಡಿಂಗ್ ಕೆಲಸ, ಹಗಲು ನಿದ್ದೆ, ಅದೇ ರೂಢಿ. ಬರುವಾಗ ಹನ್ನೊಂದಾಗುತ್ತಿತ್ತು. ಎರಡು ದಿನ ಗೇಟಿನಿಂದ ಹಿಂದೆ ಕಳಿಸಿದರು. ಮೂರನೆಯ ದಿನ ಬರಲಿಲ್ಲ. ನಾವು ಗೇಟು ಹಾಕಿದರೇನು, ಆಟೋನಗರದ ಗೇಟು ತೆರೆದೇ ಇತ್ತು.

ನಾನು ಅವನ ಮನೆಗೆ ಹೋದೆ. ತ್ರಿಪುರಾಂತದ ಕಡೆ. ‘ಕೂಡಲಿಕ್ಕೆ ಆಗಲ್ದ್ರಿ ಸರ್, ಕೈ ಸುಮ್ಮನಿರಲ್ದು’ ಅಂದ. ನಿಜವಾದ ಮಾತು. ಒಂದೂವರೆ ವರ್ಷ ದುಡಿದ ಕೈ ಅದು. ಮೊದಲ ವಾರ ಊಟದ ತನಕ ಮಾತ್ರ ಬಾ ಎಂದೆ. ಎರಡನೆಯ ವಾರ ಒಂದು ಪಿರಿಯಡ್ ಹೆಚ್ಚು. ತಡವಾದರೆ ಹಿಂದಿನ ಬಾಗಿಲಿನಿಂದ ಬಂದು ಕೂಡು, ಯಾರೂ ಕೇಳುವುದಿಲ್ಲ ಎಂದೆ. ಸಹೋದ್ಯೋಗಿಗಳಿಗೆ ಸಿಟ್ಟು ಬಂತು, ಒಬ್ಬನಿಗೊಂದು ಕಾನೂನೇ ಎಂದರು. ದಸರೆಯ ಹೊತ್ತಿಗೆ ಪ್ರಾರ್ಥನೆಗೆ ಬರತೊಡಗಿದ. ಪಾಸಾದ, ದೊಡ್ಡ ಅಂಕವೇನಲ್ಲ. ಈಗ ಐಟಿಐ ಮುಗಿಸಿ ಅದೇ ವೆಲ್ಡಿಂಗ್ ಮಾಡುತ್ತಾನೆ, ಕೈಯಲ್ಲಿ ಸರ್ಟಿಫಿಕೇಟು ಇಟ್ಟುಕೊಂಡು.

ಮರಳಿ ಬಂದವರ ಕಥೆ ಹೇಳಿದೆ. ಬಾರದವರ ಮಾತು ಹೇಳದಿದ್ದರೆ ಈ ವೇದಿಕೆಗೆ ಮೋಸ ಮಾಡಿದಂತೆ.

ಬಸವ ಜಯಂತಿ ಬರುವುದು ಅಕ್ಷಯ ತದಿಗೆಯ ದಿನ. ಬಸವಣ್ಣನವರ ಮೆರವಣಿಗೆ ಹೋಗುವ ದಿನವೇ ಬೀದಿಬೀದಿಯಲ್ಲಿ ಮದುವೆಯ ಹಂದರ. ಒಂದು ವರ್ಷ ಶಾಲೆ ತೆರೆದ ದಿನ ಹಾಜರಿ ಕರೆಯುತ್ತ ಒಂದು ಹೆಸರಿಗೆ ಉತ್ತರ ಬರಲಿಲ್ಲ. ಇನ್ನೊಮ್ಮೆ ಕರೆದೆ. ಹಿಂದಿನ ಬೆಂಚಿನ ಹುಡುಗಿ ಎದ್ದು, ‘ಅಕಿ ಮದುವಿ ಆಗ್ಯಾದ್ರಿ ಸರ್’ ಎಂದಳು. ಒಂಬತ್ತನೆಯ ತರಗತಿಯ ಮಗು. ನಾನು ಏನು ಮಾಡಿದೆ ಗೊತ್ತೆ? ಮುಂದಿನ ಹೆಸರು ಕರೆದೆ. ಅವರ ಮನೆಯವರು ನಮಗೆ ಬೇಕಾದವರು, ಲಗ್ನಪತ್ರಿಕೆ ನನ್ನ ಮನೆಗೂ ಬಂದಿತ್ತು. ಹುಡುಗಿ ಯಾರೆಂದು ಪತ್ರಿಕೆಯಲ್ಲಿ ಓದಿರಲಿಲ್ಲ ಎಂದು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಓದಿದ್ದೆನೇನೋ.

2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ನಮ್ಮ ರಾಜ್ಯ ತಂದ ತಿದ್ದುಪಡಿಯಂತೆ, ಹದಿನೆಂಟು ತುಂಬದ ಹುಡುಗಿಯ ಮದುವೆ ಮದುವೆಯೇ ಅಲ್ಲ, ಮೊದಲಿನಿಂದಲೇ ಅಸಿಂಧು. ಮಾಡಿಸಿದವರ ಮೇಲೆ, ಮಂತ್ರ ಹೇಳಿದವರ ಮೇಲೆ ಕೇಸು ಆಗುತ್ತದೆ. 1098ಕ್ಕೆ ಫೋನು ಮಾಡಿದರೆ ಸಾಕು, ಹೇಳಿದವರ ಹೆಸರು ಹೊರಗೆ ಬರುವುದಿಲ್ಲ. ಈ ಹದಿನೈದು ದಿನದಲ್ಲಿ ಇನ್ನೂ ಮುಹೂರ್ತಗಳಿವೆ. ಪೂಜ್ಯರಲ್ಲಿ ನನ್ನ ಬಿನ್ನಹ, ಆಶೀರ್ವಾದಕ್ಕೆ ಬರುವ ಲಗ್ನಪತ್ರಿಕೆಯ ಜೊತೆ ಹುಡುಗಿಯ ಶಾಲೆಯ ದಾಖಲೆಯನ್ನೂ ಕೇಳಬೇಕು. ಮಠ ಒಮ್ಮೆ ಕೇಳಿದರೆ ಹತ್ತು ಊರಿಗೆ ಸುದ್ದಿ ಮುಟ್ಟುತ್ತದೆ. ಅಕ್ಕನಾಗಮ್ಮನ ಗವಿ ಇರುವ ಊರಿನವರು ನಾವು.

ಮಠದ ಮಾತು ಬಂತು, ಇನ್ನೊಂದು ಹೇಳಿ ಮುಗಿಸುತ್ತೇನೆ. ನಿಜಾಮನ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಮಕ್ಕಳ ಓದಿಗಾಗಿ ಮಠ ಸರಕಾರವನ್ನೇ ಎದುರು ಹಾಕಿಕೊಂಡ ನಾಡು ಇದು. ಈಗ ಅದೇ ಮಕ್ಕಳ ಓದಿಗೆ ನಮ್ಮ ಕಾರ್ಯಕ್ರಮಗಳೇ ಅಡ್ಡ ಬರುತ್ತಿವೆ. ಶ್ರಾವಣ ತಿಂಗಳಿಡೀ ಪ್ರವಚನ. ಏಳಕ್ಕೆ ಎಂದು ಅಚ್ಚು ಹಾಕಿ ಎಂಟಕ್ಕೆ ಶುರು ಮಾಡುತ್ತೇವೆ. ಗಣ್ಯರ ಸನ್ಮಾನ, ಶಾಲು, ಹಾರ, ಮುಗಿಯುವಾಗ ಹನ್ನೊಂದು. ಮೈಕಿನ ಬಾಯಿ ಓಣಿಯ ಕಡೆಗೆ. ವಚನ ಹಾಡಲು ತಂದ ಮಕ್ಕಳು ವೇದಿಕೆಯ ಹಿಂದೆ ಕುರ್ಚಿಯ ಮೇಲೆ ಮಲಗಿರುತ್ತಾರೆ. ಶಾಲೆಯ ದಿನ ಮೆರವಣಿಗೆಗೆ ಬೇಕೆಂದು ಸಮವಸ್ತ್ರದಲ್ಲಿ ಕರೆತಂದು ಬಿಸಿಲಲ್ಲಿ ನಿಲ್ಲಿಸುತ್ತೇವೆ. ಕಾಯಕದಲ್ಲಿ ತೊಡಗಿರುವಾಗ ಗುರುವೇ ಎದುರಿಗೆ ಬಂದರೂ ಕೈಯ ಕೆಲಸ ಬಿಡಬಾರದು ಎಂಬ ಅರ್ಥದ ಮಾತು ಹೇಳಿದವರು ಇದೇ ಕಲ್ಯಾಣದಲ್ಲಿ ಅಕ್ಕಿ ಆಯುತ್ತಿದ್ದ ಮಾರಯ್ಯನವರು. ಓದು ಮಗುವಿನ ಕಾಯಕ ಎಂದು ನಾವೇ ಭಾಷಣ ಮಾಡುತ್ತೇವೆ. ಆ ಕಾಯಕ ಬಿಡಿಸಿ ನಮ್ಮ ಪಲ್ಲಕ್ಕಿಯ ಮುಂದೆ ನಿಲ್ಲಿಸುವವರೂ ನಾವೇ. ಪೂಜ್ಯರು ನಗುತ್ತಿದ್ದಾರೆ, ಸಿಟ್ಟಾಗಿಲ್ಲ ಎಂದುಕೊಂಡಿದ್ದೇನೆ.

ಈ ಶ್ರಾವಣದಲ್ಲಿ ಪ್ರವಚನ ಆರೂವರೆಗೆ ಶುರುವಾಗಿ ಎಂಟಕ್ಕೆ ಮುಗಿಯಲಿ. ಸನ್ಮಾನಗಳನ್ನು ಭಾನುವಾರಕ್ಕೆ ಇಟ್ಟುಕೊಳ್ಳೋಣ. ಎಂಟರಿಂದ ಒಂಬತ್ತೂವರೆಯವರೆಗೆ ಈ ಸಭಾಭವನದ ದೀಪ ಉರಿಯುತ್ತಿರಲಿ, ಮನೆಯಲ್ಲಿ ಜಾಗವಿಲ್ಲದ ಮಕ್ಕಳು, ಯಾವ ಜಾತಿಯವರಾದರೂ, ಇಲ್ಲಿ ಬಂದು ಓದಲಿ. ವಾರಕ್ಕೆ ಮೂರು ದಿನ ನಾನು ಬಂದು ಕೂಡುತ್ತೇನೆ. ಗಣಿತ ನನಗೆ ಇನ್ನೂ ಮರೆತಿಲ್ಲ. ಉಳಿದ ದಿನಕ್ಕೆ ಇನ್ನಿಬ್ಬರು ನಿವೃತ್ತರು ಬೇಕು, ಹೋಗುವಾಗ ಬಾಗಿಲ ಬಳಿ ಹೆಸರು ಬರೆಸಿ ಹೋಗಿ.

ಮಾತಾಡುತ್ತ ಮಾತಾಡುತ್ತ ನನಗೂ ಎಂಟೂಮುಕ್ಕಾಲು ಆಯಿತು. ಎರಡನೆಯ ಸಾಲಿನಲ್ಲಿ ಒಂದು ಮಗು ಆಗಲೇ ತಾಯಿಯ ತೊಡೆಯ ಮೇಲೆ ತಲೆ ಇಟ್ಟಿದೆ. ಮಕ್ಕಳಿಗೆ ಮೊದಲು ಪ್ರಸಾದ ಬಡಿಸಿಬಿಡಿ.