ಕೊನೆಯ ನಲ್ಲಿ

(ಮಧುಗಿರಿಯ ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)

ಶಿರಾ, ಕೊರಟಗೆರೆ, ಪಾವಗಡದಿಂದ ಬಸ್ಸು ಹಿಡಿದು ಬಂದಿರುವ ಬಂಧುಗಳಿಗೆ, ತಾಯಂದಿರಿಗೆ ಶರಣು ಶರಣಾರ್ಥಿ.

ನಾನು ಸಾಹಿತಿಯಲ್ಲ. ಸರ್ಕಾರಿ ಇಂಜಿನಿಯರ್ ಆಗಿ ಪೈಪು, ಪಂಪು, ಅಂದಾಜು ಪಟ್ಟಿಗಳ ನಡುವೆ ಬದುಕು ಸವೆಸಿದವನು. ಕಾನೂನು ಓದುತ್ತಿರುವ ಮಗಳು ಮನೆಯಲ್ಲಿ ಬಿಟ್ಟುಹೋಗಿದ್ದ ಒಂದು ಇಂಗ್ಲಿಷ್ ಪುಸ್ತಕವನ್ನು ಪದಕೋಶ ಪಕ್ಕದಲ್ಲಿಟ್ಟುಕೊಂಡು ಎರಡು ತಿಂಗಳು ಓದಿದೆ. ಅಮೆರಿಕದ ಕಪ್ಪು ಹೆಣ್ಣುಮಗಳು ಏಂಜೆಲಾ ಡೇವಿಸ್ 1974ರಲ್ಲಿ ಪ್ರಕಟಿಸಿದ ಆತ್ಮಕಥೆ ಅದು. ಆಗ ಆಕೆಗೆ ಮೂವತ್ತು ವರ್ಷ. ತನ್ನೊಬ್ಬಳನ್ನೇ ಎತ್ತಿ ತೋರಿಸಿದಂತಾಗುತ್ತದೆ ಎಂದು ಬರೆಯಲು ಹಿಂಜರಿದಿದ್ದೆ ಎಂದು ಆಕೆಯೇ ಹೇಳಿಕೊಂಡಿದ್ದಾರೆ. ಈ ಮಾತಿಗೇ ನಾನು ಪುಸ್ತಕ ಕೆಳಗಿಡದೆ ಓದಿದ್ದು.

ಕ್ರಾಂತಿಕಾರಿ ಎಂದೊಡನೆ ಪಾವಗಡದವರಿಗೆ 2005ರ ಫೆಬ್ರುವರಿ ನೆನಪಾಗುತ್ತದೆ. ವೆಂಕಟಮ್ಮನಹಳ್ಳಿಯಲ್ಲಿ ಪೊಲೀಸರು ತಂಗಿದ್ದ ಶಾಲೆಯ ಮೇಲೆ ನಕ್ಸಲರು ದಾಳಿ ಮಾಡಿದರು, ಮಲಗಿದ್ದವರು ಸತ್ತರು. ನನ್ನ ಮನಸ್ಸಿನಲ್ಲೂ ಆ ಅಂಜಿಕೆ ಇತ್ತು. ಏಂಜೆಲಾ ಕಮ್ಯುನಿಸ್ಟರು. ಆ ಕಾರಣಕ್ಕೇ 1969ರಲ್ಲಿ ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯದಲ್ಲಿ ಅವರ ಅಧ್ಯಾಪಕಿ ಕೆಲಸ ಕಿತ್ತುಕೊಂಡರು. ಮರುವರ್ಷ ಒಂದು ನ್ಯಾಯಾಲಯದಲ್ಲಿ ಗುಂಡು ಹಾರಿ ನ್ಯಾಯಾಧೀಶರೂ ಸೇರಿ ಹಲವರು ಸತ್ತಾಗ, ಅಲ್ಲಿ ಬಳಕೆಯಾದ ಬಂದೂಕುಗಳು ಈಕೆಯ ಹೆಸರಿನಲ್ಲಿದ್ದವು. ತಲೆಮರೆಸಿಕೊಂಡರು, ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಸಿಕ್ಕಿಬಿದ್ದರು. ಸುಮಾರು ಹದಿನಾರು ತಿಂಗಳು ಸೆರೆಯಲ್ಲಿದ್ದರು. 1972ರ ಜೂನ್ 4ರಂದು ನ್ಯಾಯಾಲಯ ಎಲ್ಲ ಆರೋಪಗಳಿಂದ ಬಿಡುಗಡೆ ಮಾಡಿತು. ಅವರ ರಾಜಕೀಯದಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿಗಳಿವೆ. ಅದನ್ನು ಬದಿಗಿಟ್ಟು ಅವರ ಬಾಲ್ಯದ ಎರಡು ಸಂಗತಿ ಹೇಳುತ್ತೇನೆ.

ಹುಟ್ಟೂರು ಅಲಬಾಮಾದ ಬರ್ಮಿಂಗ್‌ಹ್ಯಾಮ್. ತಾಯಿ ಶಾಲೆಯ ಮೇಷ್ಟರು, ತಂದೆ ಪೆಟ್ರೋಲ್ ಬಂಕು ನಡೆಸುತ್ತಿದ್ದವರು. ಶಾಲೆಯಲ್ಲಿ ಹಸಿದುಕೊಂಡು ಕೂರುವ ಗೆಳತಿಯರನ್ನು ನೋಡಲಾರದೆ, ಅಪ್ಪ ಸಂಜೆ ತರುತ್ತಿದ್ದ ಚಿಲ್ಲರೆಯ ಚೀಲದಿಂದ ಕಾಸು ತೆಗೆದು ಅವರಿಗೆ ಊಟಕ್ಕೆ ಕೊಡುತ್ತಿದ್ದಳಂತೆ ಹುಡುಗಿ. ಕಳವೋ ದಾಸೋಹವೋ ನೀವೇ ತೀರ್ಮಾನಿಸಿ.

ಇನ್ನೊಂದು ಚಪ್ಪಲಿ ಅಂಗಡಿಯದು. ಕಪ್ಪು ಜನ ಹಿಂಬದಿಯಲ್ಲೇ ಕೂರಬೇಕಾದ ಕಾಲ. ಏಂಜೆಲಾ ಮತ್ತು ತಂಗಿ ಫ್ರೆಂಚ್ ಮಾತಾಡುತ್ತಾ, ಪರದೇಶದವರಂತೆ ನಟಿಸುತ್ತಾ ಒಳಹೋದರು. ಅಂಗಡಿಯವರು ಮುಂದಿನ ಸಾಲಿನಲ್ಲಿ ಕೂರಿಸಿ ಉಪಚರಿಸಿದರು. ಕೊನೆಗೆ ಇಬ್ಬರೂ ನಕ್ಕು ನಿಜ ಹೇಳಿದರು. ಚರ್ಮ ಅದೇ, ಕಾಲು ಅದೇ, ಭಾಷೆ ಬದಲಾದದ್ದಕ್ಕೆ ಆಸನ ಬದಲಾಯಿತು. ಅಂದರೆ ಕೂರಿಸಲಾಗದು ಎನ್ನುವುದು ಎಂದೂ ನಿಜವಾಗಿರಲಿಲ್ಲ.

ಸೆರೆಯಲ್ಲಿ ಕಂಡ ಬಡ ಹೆಂಗಸರ ಬಗ್ಗೆ ಬರೆದ ಪುಟಗಳು ಪುಸ್ತಕದ ತಿರುಳು. ಜಾಮೀನಿಗೆ ಸಣ್ಣ ಮೊತ್ತವೂ ಹೊಂದದೆ ಕೊಳೆಯುತ್ತಿದ್ದವರಿಗಾಗಿ ಹೊರಗಿನವರು ನಿಧಿ ಕೂಡಿಸಿದರು. ಯಾರನ್ನು ಮೊದಲು ಬಿಡಿಸಬೇಕೆಂದು ಒಳಗಿನ ಹೆಂಗಸರೇ ತೀರ್ಮಾನಿಸಿದರು. ಅದನ್ನು ಓದುವಾಗ ನಮ್ಮ ಸ್ನೇಹಲತಾ ರೆಡ್ಡಿಯವರು ನೆನಪಾದರು. ‘ಸಂಸ್ಕಾರ’ ಚಿತ್ರದ ಚಂದ್ರಿ. ತುರ್ತುಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ ಬಂಧಿಸಿ ಬೆಂಗಳೂರು ಸೆರೆಮನೆಯಲ್ಲಿ ಎಂಟು ತಿಂಗಳು ಇಟ್ಟರು. ಆಸ್ತಮಾದಿಂದ ಬಳಲುತ್ತಲೇ ಅವರು ಜೊತೆಗಿದ್ದ ಹೆಂಗಸರಿಗಾಗಿ ವಾದಿಸಿದರು, ದಿನಚರಿ ಬರೆದರು. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಕ್ಕೆ ತೀರಿಕೊಂಡರು. ಆಗ ನಾನು ಕಾಲೇಜು ಹುಡುಗ, ಪರೀಕ್ಷೆಯ ಚಿಂತೆಯಲ್ಲಿದ್ದೆ.

ಇನ್ನು ನಮ್ಮ ಮನೆಯ ಮಾತು. ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ ಉಣ್ಣುವ ಆಹಾರ ಹಿಡಿದು ಮೇಲು ಕೀಳು ಎಣಿಸುವವರನ್ನು ಹನ್ನೆರಡನೆಯ ಶತಮಾನದಲ್ಲೇ ನೇರವಾಗಿ ಪ್ರಶ್ನಿಸಿದವಳು. ಅವಳ ವಚನವನ್ನು ನಾವು ಸಭೆಯಲ್ಲಿ ಹಾಡುತ್ತೇವೆ. ಸಿದ್ಧಗಂಗೆಯಲ್ಲಿ ಎಲ್ಲ ಜಾತಿಯ ಮಕ್ಕಳು ಒಂದೇ ಸಾಲಿನಲ್ಲಿ ಉಣ್ಣುವುದನ್ನು ಹೆಮ್ಮೆಯಿಂದ ಹೇಳುತ್ತೇವೆ. ನಾನೂ ಹೇಳುತ್ತಿದ್ದೆ, 1986ರಲ್ಲೂ.

ಆ ವರ್ಷ ಪಾವಗಡದ ಕಡೆಯ ಒಂದು ಊರಿಗೆ ಕಿರಿಯ ಇಂಜಿನಿಯರಾಗಿ ನೀರಿನ ಯೋಜನೆ ಮಾಡಿದೆ. ಕೊಳವೆಬಾವಿ, ಟ್ಯಾಂಕು, ಬೀದಿಗೆ ನಲ್ಲಿ. ನಕ್ಷೆಯಲ್ಲಿ ಮುಖ್ಯ ಪೈಪನ್ನು ಮೊದಲು ಕೇರಿಯ ದಿನ್ನೆಗೆ ಒಯ್ದಿದ್ದೆ. ಎತ್ತರದ ಜಾಗಕ್ಕೆ ಮೊದಲು ಕೊಟ್ಟರೆ ಒತ್ತಡ ಸಮನಾಗುತ್ತದೆ, ಅಷ್ಟೇ ಲೆಕ್ಕ. ಊರ ಹಿರಿಯರು ಬಂದರು. ಎದೆಯ ಮೇಲೆ ಲಿಂಗ, ಹಣೆಯಲ್ಲಿ ವಿಭೂತಿ, ನಮ್ಮವರೇ. “ಇಂಜಿನಿಯರ್ರೇ, ಅಲ್ಲಿ ಮುಟ್ಟಿ ಬಂದ ನೀರು ನಮಗೆ ಬೇಡ. ಅವರಿಗೂ ಕೊಡಿ, ಆದರೆ ಕೊನೆಗೆ ಕೊಡಿ” ಎಂದರು. ಕಾಫಿ ತರಿಸಿದರು. ನಾನು ಕುಡಿದೆ. ಪೆನ್ಸಿಲ್ ಗೆರೆ ಅಳಿಸಿ ಪೈಪನ್ನು ದೊಡ್ಡಬೀದಿಗೆ ತಿರುಗಿಸಿದೆ. ಬೀದಿಗೆ ಆರು ನಲ್ಲಿ, ಮೂರಿಂಚು ಪೈಪು. ಅಲ್ಲಿಂದ ದಿನ್ನೆಗೆ ಒಂದೂವರೆ ಇಂಚು, ಕೊನೆಗೊಂದು ನಲ್ಲಿ. ಅಂದಾಜು ಪಟ್ಟಿಗೆ ಸಹಿ ನನ್ನದೇ.

ಉದ್ಘಾಟನೆಯಾದ ವಾರಕ್ಕೆ ಕೇರಿಯ ಒಬ್ಬ ಮುದುಕಿ ಖಾಲಿ ಕೊಡ ಹಿಡಿದು ಕೇಳಿದಳು: “ಸ್ವಾಮಿ, ಪೈಪು ಬಂದೈತೆ, ನೀರು ಯಾವಾಗ ಬತ್ತೈತೆ?” “ಪ್ರೆಷರ್ ಕಮ್ಮಿ ಇದೆಯಮ್ಮಾ, ಬರುತ್ತೆ” ಎಂದೆ. ಪ್ರೆಷರ್ ಕಮ್ಮಿಯಾದದ್ದು ನಿಜ. ಕಮ್ಮಿ ಮಾಡಿದವನು ನಾನು ಎಂದು ಹೇಳಲಿಲ್ಲ. ಅವಳು ಕೈಮುಗಿದು ಹೋದಳು. ಈ ಮಾತನ್ನು ನನ್ನ ಹೆಂಡತಿಗೂ ಹೇಳಿರಲಿಲ್ಲ. ಆ ಚಪ್ಪಲಿ ಅಂಗಡಿಯ ಪುಟ ಓದಿದ ರಾತ್ರಿ ಹೇಳಿದೆ.

ಕಳೆದ ತಿಂಗಳು ಮಗಳನ್ನು ಕರೆದುಕೊಂಡು ಆ ಊರಿಗೆ ಹೋಗಿದ್ದೆ. ಮುದುಕಿ ಇಲ್ಲ, ಎಷ್ಟೋ ವರ್ಷವಾಗಿದೆ. ಮನೆಮನೆಗೆ ನಲ್ಲಿ ಬಂದಿದೆ, ಕೇರಿಗೂ ಬಂದಿದೆ. ಹಳೆಯ ನಲ್ಲಿಯ ಕಲ್ಲುಕಟ್ಟೆಯ ಮೇಲೆ ಹುಡುಗರು ಕೂತು ಮೊಬೈಲು ನೋಡುತ್ತಿದ್ದರು. ಟ್ಯಾಂಕಿನ ಹತ್ತಿರ ನೀರುಗಂಟಿ ಸಿಕ್ಕಿದ. ಹಳೆಯ ಕಸುಬಿನ ಅಭ್ಯಾಸ, ಬೆಳಿಗ್ಗೆ ಯಾವ ವಾಲ್ವು ಮೊದಲು ತಿರುಗಿಸುತ್ತೀಯಪ್ಪ ಎಂದು ಕೇಳಿದೆ.

“ದೊಡ್ಡಬೀದಿದು ಸಾರ್. ಮೊದಲಿಂದ್ಲೂ ಹಂಗೇ ಐತಲ್ಲ.”

ಮಗಳು ನನ್ನ ಮುಖ ನೋಡಿದಳು. ಈ ನಾಲ್ಕು ತಾಲ್ಲೂಕಿನಿಂದ ಬಂದಿರುವ ನೀವು ನಾಳೆ ಬೆಳಿಗ್ಗೆ ನಿಮ್ಮೂರ ನೀರುಗಂಟಿಯನ್ನು ಇದೇ ಮಾತು ಕೇಳಿ, ಮುಂದಿನ ಗೋಷ್ಠಿಗೆ ಬಂದಾಗ ಅವನು ಏನೆಂದ ಎಂದು ಹೇಳಿ. ನಾನು ಆ ಊರಿನ ಪಂಚಾಯಿತಿಗೆ ಹೊಸ ನಕ್ಷೆ ಬರೆದುಕೊಟ್ಟಿದ್ದೇನೆ, ಪೈಪು ಮೊದಲು ದಿನ್ನೆಗೆ ಹೋಗುವಂತೆ. ಇನ್ನೂ ಉತ್ತರ ಬಂದಿಲ್ಲ.